ಚಾರ್ಜರಿನ ನಲವತ್ತು ಡಿಗ್ರಿ

ಶ್ಯಾಮರಾಯರು ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಹೀಗಾಗಿ ಪುಣೆಯ ಕಾತ್ರಜದ ಅವರ ಫ್ಲ್ಯಾಟಿನಲ್ಲಿ ಯಾವ ವಸ್ತುವೂ ಸುಮ್ಮನೆ ಕೆಡುವಂತಿರಲಿಲ್ಲ. ಕಾರಣ ಕೊಟ್ಟೇ ಕೆಡಬೇಕಾಗಿತ್ತು. ಅಂಥ ಮನೆಯಲ್ಲಿ ಮಂಗಳವಾರ ಸಂಜೆ ನಾಲ್ಕಕ್ಕೆ ಲ್ಯಾಪ್‌ಟಾಪಿನ ಚಾರ್ಜರ್ ಹೇಳದೆ ಕೇಳದೆ ಪ್ರಾಣ ಬಿಟ್ಟಿತು.

ಐದಕ್ಕೆ ಹೆಂಡತಿ ಗಂಗೂಬಾಯಿಯ ಮೊದಲ ಆನ್‌ಲೈನ್ ಕ್ಲಾಸು. ಪುಣೆಯಲ್ಲೇ ಹುಟ್ಟಿ, ಮನೆಯಲ್ಲೂ ಮರಾಠಿಯನ್ನೇ ಆಡುವ ಕನ್ನಡಿಗರ ಹನ್ನೊಂದು ಮಕ್ಕಳಿಗೆ ಕನ್ನಡ ಮಾತು ಕಲಿಸಬೇಕು. “ಒಂದು ದಿನ ನೋಡೋಣ, ಮಕ್ಕಳು ಬಾಯಿ ಬಿಟ್ಟರೆ ಮುಂದುವರಿಸೋಣ” ಎಂದಿದ್ದರು ತಾಯಂದಿರು. ತಿಂಗಳಿಂದ ಬರೆದ ಚಿತ್ರ, ಕಟ್ಟಿದ ಪಾಠ ಎಲ್ಲವೂ ಆ ಲ್ಯಾಪ್‌ಟಾಪಿನಲ್ಲೇ ಇತ್ತು. ಬ್ಯಾಟರಿ ಮಾತ್ರ ಹದಿನೆಂಟು ಪ್ರತಿಶತ.

“ಮ್ಯಾಲಿನ ಮನಿ ಪ್ರಾಚಿ ಚಾರ್ಜರ್ ಇಸ್ಕೊಂಡ್ ಬರ್ತೀನಿ,” ಎಂದರು ಗಂಗೂಬಾಯಿ.

“ತಡಿ ಗಂಗೂ. ಮೊದಲ ದೋಷ ಎಲ್ಲಿ ಅದ ಅಂತ ಗೊತ್ತಾಗಬೇಕು. ಒಂದ್ ಸಲಕ್ಕ ಒಂದ ವಸ್ತು ಬದಲು ಮಾಡಿ ನೋಡಬೇಕು.”

“ನೀವು ಒಂದೊಂದ ಬದಲು ಮಾಡೂದ್ರಾಗ ಆ ಮಕ್ಕಳ ಮದಿವಿ ಆಗಿರ್ತಾವ್ರಿ.”

ರಾಯರು ನೋಟುಪುಸ್ತಕ ತೆರೆದರು. ಪ್ರಯೋಗ ಒಂದು: ಗೋಡೆಯ ಪ್ಲಗ್ಗಿಗೆ ಮಿಕ್ಸರ್ ಹಚ್ಚಿದರು; ಅದು ಗರ್ಜಿಸಿತು, ಪ್ಲಗ್ಗು ನಿರ್ದೋಷಿ. ಪ್ರಯೋಗ ಎರಡು: ಹಳೆಯ ಕಂಪ್ಯೂಟರಿನ ವೈರು ಹಚ್ಚಿದರು; ಲ್ಯಾಪ್‌ಟಾಪಿನ ಚಾರ್ಜಿಂಗ್ ದೀಪ ಹತ್ತಲಿಲ್ಲ. ಪ್ರಯೋಗ ಮೂರು: ಗಂಗೂಬಾಯಿ ಕೊನೆಗೂ ತಂದ ಪ್ರಾಚಿಯ ಚಾರ್ಜರ್, ಅದರ ಪಿನ್ನು ತೂತಿನೊಳಗೆ ಹೋಗಲೇ ಇಲ್ಲ. ಪ್ರತಿ ಸಲವೂ ರಾಯರು ಲ್ಯಾಪ್‌ಟಾಪ್ ತೆರೆದು ಪರೀಕ್ಷಿಸಿದರು, ಪ್ರತಿ ಸಲವೂ ಬ್ಯಾಟರಿ ತನ್ನ ದಕ್ಷಿಣೆ ತೆಗೆದುಕೊಂಡಿತು. (ಹದಿನೆಂಟಿದ್ದದ್ದು ಒಂಬತ್ತಕ್ಕೆ ಇಳಿದದ್ದನ್ನೂ ಅವರು ಗೆರೆ ಹಾಕಿ ಬರೆದುಕೊಂಡರು.)

ಐದಕ್ಕೆ ಹತ್ತು ನಿಮಿಷವಿರುವಾಗ ದೋಷ ಸಿಕ್ಕಿತು. ಚಾರ್ಜರಿನ ಡಬ್ಬಿಯಿಂದ ವೈರು ಹೊರಬೀಳುವ ಕುತ್ತಿಗೆಯಲ್ಲಿ ಒಳಗಿನ ತಂತಿ ಹರಿದಿತ್ತು.

“ಯಾಕ ಹರೀತ್ರಿ?”

ಬಾಳಿಕೆ ಬರಲಿ ಎಂದು ದಿನಾ ಆ ವೈರನ್ನು ಡಬ್ಬಿಗೆ ಬಿಗಿಯಾಗಿ ಸುತ್ತಿ, ದಾರ ಕಟ್ಟಿ ಇಡುತ್ತಿದ್ದವರು ರಾಯರೇ.

“ನಿಮ್ಮ ಶಿಸ್ತಿಗೆ ವೈರೂ ತಡೀಲಿಲ್ಲ ನೋಡ್ರಿ,” ಎಂದರು ಗಂಗೂಬಾಯಿ. “ನಾನ ಗಟ್ಟಿ.”

ಆದರೆ ಕುತ್ತಿಗೆಯನ್ನು ಸುಮಾರು ನಲವತ್ತು ಡಿಗ್ರಿ ಬಗ್ಗಿಸಿ ಹಿಡಿದರೆ ದೀಪ ಹತ್ತುತ್ತಿತ್ತು. ರಬ್ಬರ್ ಬ್ಯಾಂಡಿನಿಂದ ಬಿಗಿದರು, ನಿಘಂಟಿನ ಭಾರ ಹೇರಿದರು, ಬಟ್ಟೆಯ ಕ್ಲಿಪ್ಪು ಸಿಕ್ಕಿಸಿದರು. ಯಾವುದಕ್ಕೂ ಒಪ್ಪದ ಚಾರ್ಜರ್ ರಾಯರ ಎರಡು ಬೆರಳಿಗೆ ಮಾತ್ರ ಒಲಿಯಿತು. ಪ್ಲಗ್ಗು ಇದ್ದದ್ದು ಟೇಬಲ್ಲಿನ ಕೆಳಗೆ. ಹೀಗೆ ಭೌತಶಾಸ್ತ್ರದ ನಿವೃತ್ತ ಪ್ರಾಧ್ಯಾಪಕರು ಐದಕ್ಕೆ ಸರಿಯಾಗಿ ಟೇಬಲ್ಲಿನ ಕೆಳಗೆ ಚಾರ್ಜರಿನ ಬಿಡಿಭಾಗವಾಗಿ ಕುಳಿತರು.

ಮೇಲೆ ಕ್ಲಾಸು ಶುರುವಾಯಿತು. “ನಿನ್ನ ಹೆಸರೇನು?” ಉತ್ತರವಿಲ್ಲ. “ಇದು ಯಾವ ಹಣ್ಣು?” ಮೌನ. ಐದು ನಿಮಿಷ ಕಳೆಯಿತು. ರಾಯರಿಗೆ ಕಾಣುತ್ತಿದ್ದದ್ದು ಹೆಂಡತಿಯ ಪಾದಗಳು ಮಾತ್ರ. ಅವುಗಳ ಬೆರಳು ಮುದುಡಿಕೊಂಡಿದ್ದವು. ಮೂವತ್ತಾರು ವರ್ಷದ ಸಂಸಾರದಲ್ಲಿ ಆ ಬೆರಳು ಹಾಗೆ ಮುದುಡುವುದು ಅಳು ಬರುವ ಮುಂಚೆ ಎಂದು ಅವರಿಗೆ ಗೊತ್ತಿತ್ತು. ಏನಾದರೂ ಮಾಡಬೇಕು ಅನಿಸಿತು; ಅಲುಗಾಡಿದರೆ ದೀಪ ಹೋಗುತ್ತದೆ. ಅಷ್ಟರಲ್ಲಿ ಟೇಬಲ್ಲಿನ ಕೆಳಗಿನ ಧೂಳು ಮೂಗಿಗೆ ಹೋಗಿ ದೊಡ್ಡದೊಂದು ಸೀನು ಬಂತು.

“ಟೀಚರ್, ಟೇಬಲ್ ಖಾಲೀ ಕೋಣ್ ಆಹೆ?” ಚಿನ್ನು ಎಂಬ ಹುಡುಗಿಯ ದನಿ.

ಗಂಗೂಬಾಯಿ ಪರದೆಯ ಹತ್ತಿರ ಬಗ್ಗಿದರು. “ಕನ್ನಡದಾಗ ಕೇಳು, ಹೇಳ್ತೀನಿ.”

“ಟೇಬಲ್... ಕೆಳಗ... ಯಾರು?”

“ಅಜ್ಜ.”

ಅಷ್ಟೇ ಸಾಕಾಯಿತು. ಅಜ್ಜ ಯಾಕ ಕೆಳಗ? ಅಜ್ಜಗ ಊಟ ಇಲ್ಲ? ಅಜ್ಜ ಏನ ತಪ್ಪು ಮಾಡ್ಯಾನ? ಹನ್ನೊಂದು ಬಾಯಿಗಳು ತಪ್ಪೋ ಒಪ್ಪೋ ಕನ್ನಡದಲ್ಲಿ ನಲವತ್ತು ನಿಮಿಷ ರಾಯರ ವಿಚಾರಣೆ ನಡೆಸಿದವು. ಮುದುಡಿದ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ರಾಯರ ಕೈ ಜೋಮು ಹಿಡಿದಿತ್ತು. ಆದರೆ ಕೋನ ಒಂದು ಡಿಗ್ರಿಯೂ ಕದಲಲಿಲ್ಲ.

ಮರುದಿನ ಅವರು ಕ್ಯಾಂಪ್ ಪೇಟೆಗೆ ಹೋಗಿ ಹೊಸ ಚಾರ್ಜರ್ ತಂದು, ಐದಕ್ಕೆ ಸೋಫಾದ ಮೇಲೆ ಪೇಪರ್ ಹಿಡಿದು ಗಂಭೀರವಾಗಿ ಕುಳಿತರು. ಲ್ಯಾಪ್‌ಟಾಪಿನಿಂದ ಒಕ್ಕೊರಲಿನ ಪ್ರಶ್ನೆ ಬಂತು: “ಅಜ್ಜ ಎಲ್ಲಿ?”

ಗಂಗೂಬಾಯಿ ತಿರುಗಿ ನೋಡಿದರು. ರಾಯರು ಪೇಪರ್ ಮಡಚಿಟ್ಟು, ಎದ್ದು ಬಂದು, ಟೇಬಲ್ಲಿನ ಕೆಳಗೆ ತಲೆ ಬಗ್ಗಿಸಿದರು.

“ಅಲ್ಲಲ್ರಿ. ‘ಕೆಳಗೆ’ ನಿನ್ನೆ ಮುಗೀತು,” ಎಂದು ಗಂಗೂಬಾಯಿ ಸ್ಟೂಲನ್ನು ಕಪಾಟಿನ ಹತ್ತಿರ ಸರಿಸಿದರು. “ಇವತ್ತ ‘ಮೇಲೆ’ ಅದ.”