ಪಂಢರೀನಾಥನ ನಾಡಿ

ಕೆರೂರಿನ ಸಾಲಿ ಮಾಸ್ತರ ಪಂಢರೀನಾಥ ಆ ಭಾನುವಾರ ಬೆಳಿಗ್ಗೆ ಮನೆಕಟ್ಟೆಯ ಮೇಲೆ ಕೂತು, ಕಾದಂಬರಿ ಓದುತ್ತ ಗಳಗಳನೆ ಅತ್ತುಬಿಟ್ಟ. ಎಲ್ಲ ಅನಾಹುತಕ್ಕೂ ಅದೇ ಮೂಲ.

ಕಾದಂಬರಿಯ ನಾಯಕಿಗೆ ಹೊಟ್ಟೆಯಲ್ಲಿ ಗಡ್ಡೆ. ಆಪರೇಶನ್ ಮಾಡಿದರೆ ಬದುಕುವ ಭರವಸೆಯಿಲ್ಲ, ಬಿಟ್ಟರೆ ವರ್ಷ ಕಳೆಯುವುದಿಲ್ಲ. ಒಪ್ಪಿಗೆಯ ಕಾಗದಕ್ಕೆ ಗಂಡ ಸಹಿ ಹಾಕಬೇಕು. ಅವನು ಹೆಂಡತಿಯ ಕೈ ಹಿಡಿದು ಕೂತ ಪುಟಕ್ಕೆ ಬಂದಾಗ ಪಂಢರೀನಾಥನಿಗೆ ತನ್ನ ಲೀಲಾಬಾಯಿಯ ನೆನಪಾಯಿತು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ತಂಗಿಯ ಬಾಣಂತನಕ್ಕೆಂದು ಇಳಕಲ್ಲಿನ ತವರಿಗೆ ಹೋದವಳು ಎರಡು ತಿಂಗಳಾದರೂ ಮರಳಿರಲಿಲ್ಲ. ಹಗ್ಗದ ಮೇಲೆ ಅವಳು ಒಣಹಾಕಿದ್ದ ಸೀರೆಯನ್ನು ಮಡಿಸಿಡಲು ಅವನಿಗೆ ಇನ್ನೂ ಮನಸ್ಸಾಗಿರಲಿಲ್ಲ.

ಪಕ್ಕದ ಮನೆಯ ತುಳಸೀಬಾಯಿ ಓಡಿ ಬಂದರು. “ಏನಾತೋ ಪಂಢರೀ?”

“ಹೊಟ್ಟ್ಯಾಗ ಗಡ್ಡಿ ಅಂತ್ರಿ ಮಾವಶಿ. ಆಪರೇಶನ್ನಿಗೆ ಗಂಡ ಸಹಿ ಹಾಕಬೇಕಂತ. ಹ್ಯಾಂಗ ಹಾಕೋದ್ರಿ?” ಪುಸ್ತಕದಿಂದ ಕಣ್ಣೆತ್ತದೆ ಬಿಕ್ಕಿದ.

“ಅಯ್ಯ ದೇವರ! ನಮ್ಮ ಲೀಲಾಗ!”

ಸುದ್ದಿ ಮೆಣಸಿನಕಾಯಿ ಒಗ್ಗರಣೆಯ ಘಾಟಿನಂತೆ ಓಣಿಗೆಲ್ಲ ಹಬ್ಬಿತು. ದರ್ಜಿ ಚಮನಸಾಬ ಕತ್ತರಿ ಹಿಡಿದೇ ಬಂದ. “ಕೊಯ್ಯಾಕ ಒಪ್ಪಬ್ಯಾಡ್ರಿ ಮಾಸ್ತರ. ಒಮ್ಮೆ ಕತ್ತರಿ ಬಿದ್ದದ್ದು ಮೊದಲಿನಂಗ ಆಗೂದಿಲ್ಲ. ನನ್ನ ಕಸಬಿನ ಮಾತು ಇದು!”

ಪಂಢರೀನಾಥ ನಿಜ ಹೇಳಲು ಬಾಯಿ ತೆರೆದ.

“ಇಳಕಲ್ಲ ಬಸ್ಸು ಬಂತು, ಏಳ್ರಿ!” ಎಂದ ಚಮನಸಾಬ.

ತೆರೆದ ಬಾಯಿ ತಾನಾಗಿಯೇ ಮುಚ್ಚಿತು. ಕರೆಯದೆ ಮಾವನ ಮನೆಗೆ ಹೋಗುವುದು ಹೇಗೆಂದು ಎರಡು ತಿಂಗಳು ಒದ್ದಾಡಿದವನನ್ನು ಈಗ ಓಣಿಯೇ ಬಸ್ಸಿಗೆ ಹತ್ತಿಸುತ್ತಿತ್ತು. ಹಿಂದೆಯೇ ತುಳಸೀಬಾಯಿಯೂ ಹತ್ತಿದರು. “ಇಂಥಾ ಹೊತ್ನ್ಯಾಗ ನಿನ್ನ ಒಬ್ಬನ್ನ ಬಿಡ್ತೇನೇನು?”

ಇಳಕಲ್ಲಿನಲ್ಲಿ ಬಾಗಿಲು ತೆರೆದ ಲೀಲಾಬಾಯಿ ಎಳೆ ಸೌತೆಕಾಯಿಯಂತೆ ನಳನಳಿಸುತ್ತಿದ್ದಳು.

“ಗಡ್ಡಿ ಎಲ್ಲೇದವಾ ನಿಂದು?” ಎಂದರು ತುಳಸೀಬಾಯಿ.

“ನನಗ್ಯಾತರ ಗಡ್ಡಿರಿ?”

ಒಳಗಿಂದ ಬಂದ ಮನೆಮಂದಿಯೆಲ್ಲ ಪಂಢರೀನಾಥನತ್ತ ತಿರುಗಿದರು. ಕಾದಂಬರಿ ಓದಿ ಅತ್ತೆನೆಂದರೆ ಮಾವನ ಮನೆಯಲ್ಲಿ ಏಳು ತಲೆಮಾರು ನಗುತ್ತದೆ. “ನನಗ್ರಿ,” ಎಂದ ಮೆಲ್ಲಗೆ.

“ಸಹಿ ಹಾಕೋ ಗಂಡಗೇ ಗಡ್ಡಿ ಏನೋ! ನನಗ ತಿಳೀಲೇ ಇಲ್ಲ ನೋಡು!” ತುಳಸೀಬಾಯಿ ಹಣೆ ಬಡಿದುಕೊಂಡರು.

ಲೀಲಾಬಾಯಿ ಅವನನ್ನು ಮಲಗಿಸಿ ಕೈ ಹಿಡಿದು ಅತ್ತಳು. “ನನಗ್ಯಾಕ ಒಂದು ಕಾಗದಾ ಬರೀಲಿಲ್ರಿ?” ಅವಳ ಬಳೆಗಳು ಅವನ ಮಣಿಕಟ್ಟಿಗೆ ತಾಗುತ್ತಿದ್ದವು. ಸುಳ್ಳು ಹೇಳಿದ್ದಕ್ಕೆ ಪಂಢರೀನಾಥನಿಗೆ ಎಳ್ಳಷ್ಟೂ ಪಶ್ಚಾತ್ತಾಪವಾಗಲಿಲ್ಲ.

ಅಷ್ಟರಲ್ಲಿ ಮಾವ ಡಾಕ್ಟರ್ ಜಲಾಲುದ್ದೀನರನ್ನು ಕರೆತಂದರು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, “ಗಡ್ಡಿ ಏನೂ ಇಲ್ಲ,” ಎಂದರು. ಆಮೇಲೆ ನಾಡಿ ಹಿಡಿದರು. ಇನ್ನೊಂದು ಕೈ ಲೀಲಾಬಾಯಿಯ ಕೈಯಲ್ಲೇ ಇತ್ತು. ನಾಡಿ ಕಡಿವಾಣ ಕಿತ್ತ ಕುದುರೆಯಂತೆ ಓಡುತ್ತಿತ್ತು. ಡಾಕ್ಟರ ಮುಖ ಬಾಡಿತು.

“ಎದಿ ಭಾಳ ಅಶಕ್ತ ಆಗೇತ್ರಿ. ಹೆಂಡ್ತಿನ್ನ ನೋಡಿದ್ರ ಇನ್ನೂ ಜೋರ ಓಡತೈತಿ. ಊರಿಗೆ ಹೋಗಿ ಮೂರು ತಿಂಗಳು ಸಮಾಧಾನದಿಂದ ಮಲಗಬೇಕು. ತಂಗೀ, ಅಲ್ಲೀತನಾ ನೀ ಇಲ್ಲೇ ಇರು.”

“ಡಾಕ್ಟರ, ಖರೇ ಹೇಳ್ತೇನ್ರಿ, ನನಗೇನೂ—”

“ಮಾತಾಡಬ್ಯಾಡ್ರಿ. ಅದಕ್ಕೂ ಎದಿ ದಣೀತೈತಿ.”

“ನಾ ನೋಡ್ಕೋತೇನ್ರಿ ಅವನ್ನ,” ಎಂದರು ತುಳಸೀಬಾಯಿ.

ಸಂಜೆಯ ಬಸ್ಸಿನ ಹೊರಗೆ ಲೀಲಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಿಂತು, ಕಿಟಕಿಯತ್ತ ಕೈ ಚಾಚಿದಳು. ಪಂಢರೀನಾಥನೂ ಕೈ ಚಾಚಿದ. ನಡುವೆಯೇ ಪಕ್ಕದಲ್ಲಿ ಕೂತ ತುಳಸೀಬಾಯಿ ಅವನ ಕೈ ಹಿಡಿದು, ಮಣಿಕಟ್ಟಿಗೆ ಬೆರಳಿಟ್ಟು ನೋಡಿದರು.

“ಮತ್ತ ಓಡ್ಲಿಕ್ಕೆ ಹತ್ತೇದಲ್ಲೋ! ಈ ಕಡೆ ತಿರುಗು!”