ಎಲೆಕ್ಟ್ರಿಕ್ ಸೈಕಲ್ ತಳ್ಳುವ ಸುಖ

ಸುಳ್ಳು ಹೇಳುವುದರಲ್ಲಿ ನಾನು ಬಹಳ ದಡ್ಡ. ಕೋರ್ಟಿನ ಮುಂದೆ ಟೈಪ್ ಮಾಡಿಕೊಂಡು ಬದುಕುವವನು ಹೀಗೆಂದರೆ ಮಧುಗಿರಿಯಲ್ಲಿ ಯಾರೂ ನಂಬುವುದಿಲ್ಲ. ಆದರೆ ಅಲ್ಲಿ ನಾನು ಬೆರಳಾಡಿಸುವುದು ಬೇರೆಯವರ ಮಾತಿಗೆ. ನಿಜವೋ ಸುಳ್ಳೋ ಅವರ ಪಾಡು, ಕಾಗುಣಿತವಷ್ಟೇ ನನ್ನದು. ಹಾಗಿದ್ದೂ ಈ ವಯಸ್ಸಿನಲ್ಲಿ ಒಂದು ಸ್ವಂತ ಸುಳ್ಳನ್ನು, ಅದೂ ಸೈಕಲ್ಲಿನ ವಿಷಯದಲ್ಲಿ, ಎರಡು ತಿಂಗಳು ಸಾಕಿದೆ.

ಮೊಣಕಾಲು ನೋವಿಗೆ ಡಾಕ್ಟರು, "ಸೈಕಲ್ ಬಿಡಬೇಡಿ, ಆದರೆ ದಿಬ್ಬ ತುಳಿಯಬೇಡಿ" ಎಂದಿದ್ದರು. ಬೆಟ್ಟದ ಬುಡದ ಊರಿನಲ್ಲಿ ಇವೆರಡನ್ನೂ ಪಾಲಿಸಬೇಕಾದರೆ ಕೋರ್ಟಿಗೆ ಹೋಗುವುದನ್ನೇ ಬಿಡಬೇಕು. ಹಾಗಾಗಿ ಶಿರಾಕ್ಕೆ ಹೋಗಿ, ಹಳೆಯ ಪರಿಚಯದ ಖಲಂದರ್ ಸಾಹೇಬರ ಅಂಗಡಿಯಲ್ಲಿ ಎಲೆಕ್ಟ್ರಿಕ್ ಸೈಕಲ್ ಕೊಂಡೆ. ಪೆಡಲ್ ಮುಟ್ಟಿದರೆ ಸಾಕು, ಯಾರೋ ಬೆನ್ನಿಗೆ ಕೈಕೊಟ್ಟು ನೂಕಿದ ಹಾಗೆ ಮುಂದಕ್ಕೆ ಹಾರುತ್ತಿತ್ತು. ದಿಬ್ಬದ ಕೆಳಗಿನ ಟೀ ಅಂಗಡಿಗೆಂದು ಹೊರಟವನು ಮೊದಲ ಮೂರು ದಿನ ಅದರಾಚೆಯ ಗೊಬ್ಬರದ ಅಂಗಡಿಯ ಮುಂದೆಯೇ ನಿಂತೆ. ಅಲ್ಲಿಯವನು ದಿನವೂ, "ಯೂರಿಯಾ ಬಂದಿಲ್ಲ ಕಣಣ್ಣ" ಎಂದು ಕೈಯಲ್ಲಾಡಿಸುತ್ತಿದ್ದ. ಟೀ ಕುಡಿಯುವವರ ಪ್ರಶ್ನೆ ಇನ್ನೂ ಕಷ್ಟದ್ದು: "ಅಲ್ಲಾ, ತುಳಿಯಂಗಿದ್ರೆ ಮೋಟ್ರು ಯಾಕೆ? ಮೋಟ್ರಿದ್ರೆ ತುಳಿಯೋದ್ಯಾಕೆ?" ಮನೆಯಲ್ಲಿ ಬ್ಯಾಟರಿಯ ಚಾರ್ಜರ್ ಮಿಕ್ಸಿಯ ಪ್ಲಗ್ ಪಾಯಿಂಟನ್ನು ಹಿಡಿದುಕೊಂಡಿದ್ದರಿಂದ ಒಂದು ವಾರ ಚಟ್ನಿಯಿಲ್ಲದೆ ದೋಸೆ ತಿಂದೆವು. ಆಮೇಲೆ ಎಲ್ಲವೂ ಹೊಂದಿಕೊಂಡಿತು.

ತೊಂದರೆ ಶುರುವಾದದ್ದು ಸೈಕಲ್ಲು ಪಳಗಿದ ಮೇಲೆ. ನನ್ನ ಹೆಂಡತಿ ಗಿರಿಜೆ ಬಸ್ ಸ್ಟ್ಯಾಂಡಿನ ಹತ್ತಿರ ರವಿಕೆ ಹೊಲಿಯುತ್ತಾಳೆ. ಮೊದಲೆಲ್ಲ ಸಂಜೆ ಅವಳು ಅಂಗಡಿ ಮುಚ್ಚಿ ನಮ್ಮ ಮನೆಯ ದಿಬ್ಬದ ಕೆಳಗೆ ಬರುವ ಹೊತ್ತಿಗೆ ನಾನೂ ಬರುತ್ತಿದ್ದೆ. ಹಳೆಯ ಸೈಕಲ್ಲಿನಿಂದ ಇಳಿಯುತ್ತಿದ್ದೆ, ಅವಳು ಚೀಲವನ್ನು ಹ್ಯಾಂಡಲಿಗೆ ತೂಗುಹಾಕುತ್ತಿದ್ದಳು, ಮಾತಾಡುತ್ತಾ ಹತ್ತುತ್ತಿದ್ದೆವು. ಮನೆ ಸೇರಿದರೆ ಅವಳಿಗೆ ಒಲೆ, ನನಗೆ ಟೀವಿ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಮಗಳಿಗೆ ಯಾವ ಸಂಬಂಧ, ಗೋಡೆಗೆ ಯಾವ ಬಣ್ಣ ಎಂಬುದೆಲ್ಲ ತೀರ್ಮಾನವಾದದ್ದು ಆ ಹತ್ತು ನಿಮಿಷದ ದಿಬ್ಬದಲ್ಲೇ. ಹೊಸ ಸೈಕಲ್ಲು ಅದನ್ನು ಒಂದೂವರೆ ನಿಮಿಷದಲ್ಲಿ ಹತ್ತಿಬಿಡುತ್ತಿತ್ತು. ಹಿಂದೆ ಕೂರಿಸಿಕೊಳ್ಳೋಣವೆಂದರೆ ಕ್ಯಾರಿಯರ್ ಜಾಗದಲ್ಲಿ ಬ್ಯಾಟರಿ ಕೂತಿದೆ. ಅವಳ ಪಕ್ಕದಲ್ಲೇ ಮೆಲ್ಲಗೆ ಓಡಿಸಲು ಹೋಗಿ ಒಮ್ಮೆ ಚರಂಡಿ ನೋಡಿ ಬಂದೆ.

"ನೀವು ಮುಂದೆ ಹೋಗಿ. ನಂಗೇನು, ಒಬ್ಳೇ ಬರೋದು ಅಭ್ಯಾಸ ಆಗೋಯ್ತು" ಎಂದಳು ಒಂದು ದಿನ. ಜಗಳವಾಡಿದ್ದರೆ ಸಹಿಸುತ್ತಿದ್ದೆ. ಈ ಮಾತು ಎದೆಗೆ ನಾಟಿತು. ಒಂದೇ ಮನೆಯಲ್ಲಿದ್ದೂ ಅವಳು ಊರಿಗೆ ಹೋಗಿದ್ದಾಳೇನೋ ಅನ್ನಿಸತೊಡಗಿತು.

ಮರುದಿನ ದಿಬ್ಬದ ಕೆಳಗೆ ಇಳಿದು ನಿಂತೆ. "ಬ್ಯಾಟ್ರಿ ಕೈ ಕೊಡ್ತು ಕಣೇ" ಎಂದೆ. "ಅಯ್ಯೋ, ಇಂಗಾಗೋಯ್ತಾ!" ಎನ್ನುತ್ತಾ ಅವಳು ಚೀಲವನ್ನು ಹ್ಯಾಂಡಲಿಗೆ ಹಾಕಿದ ಸಡಗರ ನೋಡಬೇಕಿತ್ತು. ಅಂದಿನಿಂದ ಬ್ಯಾಟರಿ ದಿನವೂ ಸರಿಯಾಗಿ ಅಲ್ಲೇ ಕೈಕೊಡತೊಡಗಿತು. ಸೈಕಲ್ಲೋ ಹಳೆಯದರ ಎರಡರಷ್ಟು ಭಾರ. ಮೊಣಕಾಲು ಗೊಣಗುತ್ತಿತ್ತು, ನಾನು ಮಾತ್ರ ಸುಖವಾಗಿದ್ದೆ.

ಆದರೆ ಊರಿಗೆ ಕಣ್ಣಿದೆಯಲ್ಲ. ಕರೆಂಟ್ ಸೈಕಲ್ ತಗೊಂಡು ಟೈಪಿಸ್ಟ್ ಶಂಕ್ರಪ್ಪ ಕೆಟ್ಟ ಎಂದು ಟೀ ಅಂಗಡಿಯಲ್ಲಿ ತೀರ್ಪಾಯಿತು. ಒಂದು ಸಂಜೆ ದಿಬ್ಬದ ಕೆಳಗೆ ಸ್ಪ್ಯಾನರ್ ಚೀಲ ಹಿಡಿದು ಖಲಂದರ್ ಸಾಹೇಬರೇ ನಿಂತಿದ್ದರು.

"ಏನ್ರೀ ಶಂಕ್ರಪ್ಪನೋರೆ, ನೀವ್ ತಳ್ಳೋದ್ ನೋಡಿ ನಿಮ್ಮೂರೋರು ಇಬ್ರು ನಮ್ ಸೈಕಲ್ ಬ್ಯಾಡ ಅಂದ್ಬುಟ್ರು. ಅಬ್ಬಾಜಾನ್ ಕಾಲದ ಅಂಗಡಿ ನಮ್ದು, ಇಂಥಾ ಬದ್ನಾಮಿ ಯಾವತ್ತೂ ಬಂದಿರ್ಲಿಲ್ಲ" ಎಂದರು. ಧ್ವನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ಸೈಕಲ್ ಕಸಿದುಕೊಂಡು, ಅರ್ಧ ದಿಬ್ಬ ಹತ್ತಿ ಇಳಿದು ಬಂದರು. "ಬರೋಬ್ಬರಿ ಐತಲ್ಲ! ಮತ್ಯಾಕ್ ತಳ್ತೀರಿ?"

ಟೀ ಅಂಗಡಿಯ ಲೋಟಗಳೆಲ್ಲ ಅರ್ಧದಲ್ಲೇ ನಿಂತವು. ಗಿರಿಜೆ ಪಕ್ಕದಲ್ಲೇ ಇದ್ದಳು. ಇನ್ನೊಂದು ಸುಳ್ಳು ಹೇಳಬಹುದಿತ್ತು. ಸಾಹೇಬರ ಮುಖ ನೋಡಿ ಬಾಯಿ ಬರಲಿಲ್ಲ. "ಸೈಕಲ್ ಚೆನ್ನಾಗೈತೆ ಸಾಹೇಬ್ರೆ. ನಾನು ಹತ್ಕೊಂಡು ಹೋದ್ರೆ ಇವ್ಳು ಹಿಂದೆ ಉಳೀತಾಳೆ. ಅದಕ್ಕೇ ಇಳೀತೀನಿ" ಎಂದೆ, ಸಾಕಷ್ಟು ಗಟ್ಟಿಯಾಗಿಯೇ.

ಗೊಬ್ಬರದ ಅಂಗಡಿಯವನು ಸೀಟಿ ಹೊಡೆದ. ಸಾಹೇಬರು ಹೊಟ್ಟೆ ಹಿಡಿದು ನಕ್ಕು, ಆಮೇಲೆ ಕಣ್ಣೊರೆಸಿಕೊಂಡರು. "ನಮ್ ಬೀಬಿ ಮುಂದೆ ಮಾತ್ರ ಇದ್ನ ಹೇಳ್ಬ್ಯಾಡ್ರಪ್ಪ, ನನ್ನೂ ಇಳಿ ಅಂತಾಳೆ."

ಗಿರಿಜೆ ತಲೆ ತಗ್ಗಿಸಿ ಸರಸರ ನಡೆದಳು. ಅರ್ಧ ದಿಬ್ಬದಲ್ಲಿ ನಿಂತು, "ಬ್ಯಾಟ್ರಿ ಸುಳ್ಳು ಅಂತ ಮೊದಲ್ನೇ ದಿನಾನೇ ಗೊತ್ತಿತ್ತು ಕಣ್ರೀ. ಸೈಕಲ್ ದೀಪ ಉರೀತಿತ್ತಲ್ಲ" ಎಂದಳು.

"ಮತ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಹತ್ಕೊಂಡು ಹೊಂಟೋಗ್ಬುಡ್ತಿದ್ರಲ್ಲ."

ನಾನು ಏನಾದರೂ ಪ್ರೀತಿಯ ಮಾತು ಆಡಲೇಬೇಕೆಂದು ಕೆಮ್ಮಿ ಸಿದ್ಧನಾಗುವಷ್ಟರಲ್ಲಿ ಅವಳು, ಗೌರಿ ಹಬ್ಬಕ್ಕೆ ಬಂದಿದ್ದ ನನ್ನ ತಂಗಿ ನಾವು ಕೊಟ್ಟ ಸೀರೆ ನೋಡಿ ಮೂತಿ ತಿರುವಿದ ಪ್ರಸಂಗ ಎತ್ತಿಕೊಂಡಳು. ದಿಬ್ಬ ಮುಗಿಯಿತು, ಮನೆ ಬಂತು, ತಂಗಿಯ ಮೂತಿ ಮುಗಿಯಲಿಲ್ಲ. ಇಡೀ ಮಧುಗಿರಿಯ ಎದುರು ಮಾನ ಕಳೆದುಕೊಂಡು ನಾನು ಉಳಿಸಿಕೊಂಡ ಮಾತುಕತೆ ಇದು. ಗೇಟಿನ ಹತ್ತಿರ ನಿಂತು, ಹೂಂಗುಟ್ಟುತ್ತಾ, ಪೂರ್ತಿ ಕೇಳಿಸಿಕೊಂಡೆ.