ತುಕ್ಕಿನ ಪರೀಕ್ಷೆ

ಉಡುತಡಿಯ ನಮ್ಮ ಸೋದರಮಾವನ ಎದುರು ಅಪ್ಪಿತಪ್ಪಿಯೂ ಏನನ್ನೂ ಮರೆಯಬೇಡಿ. ಮರೆತಿರೋ, ನಿಮ್ಮ ಮಿದುಳಿಗೆ ತುಕ್ಕು ಹಿಡಿದಿದೆ ಎಂದು ಊರಿಗೆಲ್ಲ ಸಾರಿಬಿಡುತ್ತಾರೆ!

ಇದಕ್ಕೆಲ್ಲ ಕಾರಣ ಆನವಟ್ಟಿಯ ಆರೋಗ್ಯ ಶಿಬಿರ. ನಾವು ಉಸಿರಾಡುವ ಆಮ್ಲಜನಕವೇ ಮಿದುಳಿನ ಜೀವಕೋಶಗಳನ್ನು ಸ್ವಲ್ಪಸ್ವಲ್ಪವಾಗಿ ಕೆಡಿಸುತ್ತದೆ, ವಯಸ್ಸಾದಂತೆ ದೇಹಕ್ಕೆ ಅದರ ರಿಪೇರಿ ಕಷ್ಟವಾಗುತ್ತದೆ, ಒಂಥರಾ ತುಕ್ಕು ಹಿಡಿದ ಹಾಗೆ, ಎಂದು ಅಲ್ಲಿ ಡಾಕ್ಟರು ಹೇಳಿದರಂತೆ. ಅವತ್ತಿನಿಂದ ಮಾವನಿಗೆ ಗಾಳಿಯ ಮೇಲೂ ಅನುಮಾನ! ಯೋಗದ ಮೇಷ್ಟ್ರು "ಆಳವಾಗಿ ಉಸಿರೆಳೀರಿ" ಅಂದರೆ, "ಯಾಕೆ? ತುಕ್ಕಿಗೆ ನಾನೇ ಬಾಗಿಲು ತೆಗೀಲೇನು?" ಎಂದು ಎದ್ದು ಬಂದರು.

ಆಮೇಲೆ ಶುರುವಾಯಿತು ಪರೀಕ್ಷೆ. ಶಿಕಾರಿಪುರದ ಬಸ್ಸಿನಲ್ಲಿ ಕಂಡಕ್ಟರನನ್ನೇ ಹಿಡಿದರು.

"ಹೋದ ಸೋಮಾರ ನಾ ಯಾವ ಸೀಟಿನಾಗ ಕುಂತಿದ್ದೆ, ಹೇಳು?"

"ಯಜಮಾನ್ರೇ, ಬೆಳಿಗ್ಗೆ ಏನು ತಿಂದೆ ಅನ್ನೋದೇ ನೆನಪಿಲ್ಲ. ಟಿಕೆಟ್ ತಗೊಳ್ರೀ!"

ಮಾವನ ಮುಖ ಅರಳಿತು. "ಹರೇದ ಹುಡುಗ! ಇವನಿಗೂ ತುಕ್ಕು!"

ಜನ ಮರೆತರೆ ಇವರಿಗೇಕೆ ಇಷ್ಟು ಖುಷಿ? ಸರಿಯಾಗಿ ಉತ್ತರ ಹೇಳಿದವರನ್ನು ಕಂಡರೆ ಮಾತ್ರ ಮಂಕಾಗುತ್ತಿದ್ದರು. ಇವರ ತಲೆಯೇ ಕೈಕೊಡುತ್ತಿದೆ ಎಂದು ನನಗೆ ಗುಮಾನಿ ಹುಟ್ಟಿತು. ಪರೀಕ್ಷಿಸೋಣವೆಂದು ನನ್ನ ಮದುವೆಯ ಸುದ್ದಿ ತೆಗೆದೆ. ಊಟಕ್ಕೆ ಏನೇನಿತ್ತು, ಯಾರು ಮುನಿಸಿಕೊಂಡು ಎದ್ದುಹೋದರು, ಎಲ್ಲವನ್ನೂ ಒಪ್ಪಿಸಿಬಿಟ್ಟರು, ನನ್ನ ಹೆಂಡತಿಯ ಎದುರೇ!

ಮೊನ್ನೆ ಸಂಜೆ ಅವರ ಮನೆಗೆ ಹೋದಾಗ ಕುರಿಗಳು ಮೇದು ಬಂದಿದ್ದವು. ಹಾಲು ಕುಡಿಯುವ ಎಳೆಮರಿಗಳನ್ನು ಎತ್ತೆತ್ತಿ ಅವವುಗಳ ತಾಯಿಗೆ ಬಿಡುವುದು ಅತ್ತೆಯ ಕೆಲಸ. ಅಷ್ಟು ಕುರಿಗಳಲ್ಲಿ ಯಾವ ಮರಿ ಯಾರದೆಂದು ಮುಖ ನೋಡಿಯೇ ಹೇಳುವವಳು ಅವಳು. ಅವಳು ಮರಿ ಬಿಟ್ಟು ಒಳಗೆ ಹೋದಳು. ಒಂದು ಕುರಿ ತನ್ನ ಹತ್ತಿರ ಬಿಟ್ಟ ಮರಿಯನ್ನು ಒದೆಯಿತು. ಇನ್ನೊಂದೂ ಒದೆಯಿತು. ಮಾವ ಸದ್ದಿಲ್ಲದೆ ಬಂದು ಎರಡೂ ಮರಿಗಳನ್ನು ಅದಲುಬದಲು ಮಾಡಿದರು. ಈಗ ಎರಡು ಕುರಿಗಳೂ ಒದೆಯದೆ ಹಾಲು ಕೊಟ್ಟವು.

"ಎಷ್ಟು ದಿನದಿಂದ ಮಾವ?" ಎಂದೆ.

"ಯುಗಾದಿಯಿಂದ. ಆಕಿಗೆ ಹೇಳಬ್ಯಾಡ." ಮರಿಯ ಬೆನ್ನು ಸವರುತ್ತ ನನ್ನ ಮುಖವನ್ನೇ ನೋಡಿದರು. "ಆ ಕಂಡಕ್ಟರ್ ಹುಡುಗನೂ ಮರೀತಾನ. ಎಲ್ಲರೂ ಮರೀತಾರ. ಹಂಗಾರೆ ಇದು ಕಾಯಿಲೆ ಅಲ್ಲ, ಅಲ್ಲೇನೋ?"

 

ಒಳಗಿನಿಂದ ಅತ್ತೆ ಕೂಗಿದಳು: "ಮರಿ ಎಲ್ಲಾ ಸರಿಯಾಗಿ ಬಿಟ್ಟೀನೇನ್ರೀ?"

"ನೀ ಯಾವತ್ತು ತಪ್ಪೀಯೇ?" ಎಂದು ಮಾವ ಗಟ್ಟಿಯಾಗಿ ನಕ್ಕರು. ಆಮೇಲೆ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದರು: "ನಾಳೆ ಆಕಿನ್ನ ದವಾಖಾನಿಗೆ ಕರ್ಕೊಂಡು ಹೋಗ್ತೀನಿ. ನೀನೂ ಬಾರೋ. ಡಾಕ್ಟರು ಏನಂತಾರೋ, ಒಬ್ಬನೇ ಕೇಳಾಕ ಹೆದರಿಕಿ ಆಗ್ತತಿ."